ಅಪ್ಪಯ್ಯಣ್ಣ ಹೊಗೆ ಬಿಟ್ಟದ್ದು

೧೯೪೨ನೆಯ ಇಸವಿ ಫೆಬ್ರವರಿ ೨೩, ಸೋಮವಾರ. ವೃಷ ಸಂವತ್ಸರದ ಫಾಲ್ಗುಣ ಮಾಸ, ಶುಕ್ಲಪಕ್ಷ. ಚಳಿಯು ಶಿವರಾತ್ರಿಯಂದು ‘ಶಿವ ಶಿವಾ’ ಎನ್ನುತ್ತ ಹೊರಟುಹೋಗಿತ್ತು. ಬೆಳಗಿನ ಹೊತ್ತು ಮಾತ್ರ ಹೊಲದ ಬದುಗಳ ಮೇಲೆ ತೆಳ್ಳನೆಯ ಮಂಜು ಕಾಣಿಸಿಕೊಂಡು, ಬಿಸಿಲು ಮಾರುದ್ದ ಏರುವಷ್ಟರಲ್ಲಿ ಮಾಯವಾಗುತ್ತಿತ್ತು. ಮಧ್ಯಾಹ್ನವಾದರೆ ಮೂಡಲಿಂದ ಒಣಗಾಳಿ. ಹೊಸಕೋಟೆ ತಾಲ್ಲೂಕು ಜಡಿಗೇನಹಳ್ಳಿಯಲ್ಲಿ ಅಪ್ಪಯ್ಯಣ್ಣನ ರಾಗಿಹುಲ್ಲಿನ ಮೆದೆ ಹೊತ್ತಿ ಉರಿದದ್ದು ಆ ಮಧ್ಯಾಹ್ನವೇ. ಭಾನುವಾರವೆಂದು ಊರಿನಲ್ಲಿ ಕೆಲವರು ಹೇಳುವುದುಂಟು, ಅದು ಸರಿಯಲ್ಲ.

ಕಾರಣವನ್ನು ಹುಡುಕಿಕೊಂಡು ಯಾರೂ ದೂರ ಹೋಗಬೇಕಾಗಿರಲಿಲ್ಲ. ಅಪ್ಪಯ್ಯಣ್ಣ ಮುದ್ದೆ ಉಂಡು, ಮೆದೆಯ ನೆರಳಿಗೆ ಒರಗಿ, ಬೀಡಿಯೊಂದನ್ನು ಹಚ್ಚಿ, ಅದು ಮುಗಿಯುವ ಮುನ್ನವೇ ನಿದ್ದೆಹೋಗಿದ್ದ. ಎಚ್ಚರವಾದಾಗ ಅವನ ಹೆಗಲ ವಲ್ಲಿಯ ತುದಿ ಕಪ್ಪಾಗಿತ್ತು, ಮೆದೆ ಕೆಂಪಾಗಿತ್ತು. ಊರವರು ಕೊಡ ಹಿಡಿದು ಓಡಿಬಂದರೂ, ವರ್ಷವೆಲ್ಲ ದನಗಳ ಹೊಟ್ಟೆಗೆ ಹೋಗಬೇಕಾಗಿದ್ದ ಮೇವು ಸಂಜೆಯೊಳಗೆ ಬೂದಿಯ ದಿಬ್ಬವಾಯಿತು.

“ಬೀಡಿಯಿಂದ್ಲೇ ಹತ್ಕೊಂತು ಅಂತ ಹೆಂಗೆ ಹೇಳ್ತೀರ? ಕಂಡೋರು ಯಾರು?” ಎಂದು ಅಪ್ಪಯ್ಯಣ್ಣ ಆ ದಿಬ್ಬದ ಮುಂದೆಯೇ ನಿಂತು ಎಲ್ಲರನ್ನೂ ಕೇಳಿದ.

“ಕಂಡಿದ್ದು ಮೆದೆ ಒಂದೇ ಬಾವ,” ಎಂದಳು ಅವನ ಹೆಂಡತಿ ಮುನಿತಾಯಮ್ಮ. “ಸಾಕ್ಷಿ ಹೇಳೋಕೆ ಅದು ಉಳ್ಕೊಂಡಿಲ್ಲ.”

ಮುನಿತಾಯಮ್ಮ ಅವನಿಗೆ ಸೋದರಮಾವನ ಮಗಳು. ಲಂಗ ಉಡುವ ವಯಸ್ಸಿನಿಂದ ಬಾಯಿಗೆ ಬಂದಿದ್ದ ‘ಬಾವ’ ಎಂಬ ಮಾತನ್ನು ಮದುವೆಯಾದ ಮೇಲೆ ಬದಲಾಯಿಸಲು ಅವಳಿಗೆ ಕಾರಣ ಕಂಡಿರಲಿಲ್ಲ. ಅವಳು ಅಂದು ಕೂಗಾಡಲಿಲ್ಲ, ಅಳಲೂ ಇಲ್ಲ. ದೇವನಹಳ್ಳಿ ತಾಲ್ಲೂಕಿನ ಆವತಿಯಲ್ಲಿದ್ದ ತವರಿಗೆ ಹೇಳಿಕಳುಹಿಸಿದಳು. ೨೬ನೆಯ ತಾರೀಖು ಗುರುವಾರ ಅವಳ ತಮ್ಮ ವೆಂಕಟರಾಯಪ್ಪ ಗಾಡಿ ಕಟ್ಟಿಕೊಂಡು ಬಂದ. ಹಸುವನ್ನು ಗಾಡಿಯ ಹಿಂಭಾಗಕ್ಕೆ ಕಟ್ಟಿ, ಸೀರೆಯ ಗಂಟನ್ನು ಒಳಗಿಟ್ಟು, ಅವಳು ಗಂಡನಿಗೆ ಹೇಳಿದಳು:

“ಇಲ್ಲಿ ಮೇವಿಲ್ಲ, ಹಸು ಆವತಿಗೆ ಬರ್ತೈತೆ. ಅದರ ಜೊತೆ ನಾನೂ ಹೋಗ್ತೀನಿ. ನೀನು ಬೀಡಿ ಬಿಟ್ಟ ದಿನ ಬಂದು ಕರಿ, ಮಾತಿಲ್ದೆ ಎದ್ದು ಬರ್ತೀನಿ. ಬಿಡ್ಲಿಲ್ಲ ಅಂದ್ರೆ ಹಬ್ಬಕ್ಕೆ ಒಬ್ಬಟ್ಟು ಕಳಿಸ್ತೀನಿ, ತಿನ್ಕೊಂಡು ಸುಖವಾಗಿರು.”

ಗಾಡಿ ಊರ ತೋಪನ್ನು ದಾಟುವವರೆಗೆ ಅಪ್ಪಯ್ಯಣ್ಣ ನೋಡುತ್ತ ನಿಂತಿದ್ದು, ಬಳಿಕ ಅಭ್ಯಾಸಬಲದಿಂದ ಒಂದು ಬೀಡಿಯನ್ನು ಹಚ್ಚಿದ.

ಅಪ್ಪಯ್ಯಣ್ಣನಿಗೆ ಆಗ ನಲವತ್ತೈದು ವರ್ಷ. ಒಳ್ಳೆಯ ರೈತ, ಮಾತಿಗೆ ತಪ್ಪದವನು. ಅವನ ಹೆಸರು ಸುತ್ತಲ ಹಳ್ಳಿಗಳಲ್ಲಿ ಓಡಾಡುತ್ತಿದ್ದುದು ಮಾತ್ರ ಬೇರೆ ಗುಣದಿಂದ: ಅವನು ಯಾವುದನ್ನೂ ನಂಬುತ್ತಿರಲಿಲ್ಲ. ಎತ್ತು ಕೊಳ್ಳುವಾಗ ದಲ್ಲಾಳಿಯ ಮಾತನ್ನು ಒಂದು ಕಿವಿಯಲ್ಲಿ ಕೇಳಿ, ತಾನೇ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದ. ಕಣಿ ಹೇಳಲು ಬಂದವಳನ್ನು, “ನಾಳೆ ಆಗೋದು ಆಮೇಲೆ ಹೇಳೀಯಂತೆ. ಇವತ್ತು ಬೆಳಿಗ್ಗೆ ನಾನೇನು ತಿಂದೆ, ಅದನ್ನ ಹೇಳವ್ವ,” ಎಂದು ಕೇಳಿ ಬೇರೆ ಬೀದಿಗೆ ಅಟ್ಟಿದ್ದ. ಪರೀಕ್ಷೆ ಮಾಡದೆ ಅವನು ಬಾಯಿಗಿಟ್ಟುಕೊಳ್ಳುತ್ತಿದ್ದ ಪದಾರ್ಥ ಬೀಡಿ ಒಂದೇ.

ಪಕ್ಕದ ಮನೆಯ ಗಂಗಣ್ಣ ಎಲ್ಲದರಲ್ಲಿಯೂ ಇದಕ್ಕೆ ವಿರುದ್ಧ. ಹುಟ್ಟಿದಂದಿನಿಂದ ಬೀಡಿಯನ್ನು ಮುಟ್ಟಿದವನಲ್ಲ. ಯಾರು ಏನು ಹೇಳಿದರೂ ನಂಬದೆ ಬಿಟ್ಟವನೂ ಅಲ್ಲ. ಗೆಳೆಯ ಒಂಟಿಯಾಗಿ ಒಲೆ ಊದುವುದನ್ನು ನೋಡಲಾರದೆ, ಅವನ ಬೀಡಿಯನ್ನು ಬಿಡಿಸುವ ಹೊಣೆಯನ್ನು ಗಂಗಣ್ಣ ತಾನಾಗಿಯೇ ಹೊತ್ತುಕೊಂಡ.

ಮಾರ್ಚ್ ೧೧, ಬುಧವಾರ, ಅವನು ಮೂಡಲ ಸೀಮೆಯಿಂದ ಬಂದಿದ್ದ ಒಬ್ಬ ಮಂತ್ರವಾದಿಯಿಂದ ಅಂತ್ರವನ್ನು ಮಾಡಿಸಿ ತಂದ.

“ಇದು ತೋಳಿಗೆ ಕಟ್ಕೊಂಡು ಬೀಡಿ ಸೇದಿದ್ರೆ ನಾಲಿಗೆ ಬಿದ್ದೋಗ್ತದಂತೆ ಕಣೋ ಅಪ್ಪಯ್ಯ. ಹುಷಾರು!”

ಅಪ್ಪಯ್ಯಣ್ಣ ಅಂತ್ರವನ್ನು ಕಟ್ಟಿಕೊಂಡು ನೇರವಾಗಿ ಅರಳಿಕಟ್ಟೆಗೆ ನಡೆದ. ಹತ್ತು ಜನರ ಎದುರಿಗೆ ಒಂದು ಬೀಡಿಯನ್ನು ಮೊದಲಿನಿಂದ ಕೊನೆಯವರೆಗೆ ಸೇದಿ, ನಾಲಗೆಯನ್ನು ಹೊರಕ್ಕೆ ಚಾಚಿ ಗಂಗಣ್ಣನಿಗೆ ತೋರಿಸಿದ.

“ನೋಡಪ್ಪಾ, ಬಿದ್ದೈತಾ?”

“ಇಲ್ಲ.”

“ಸರಿಯಾಗಿ ನೋಡು. ಹಿಂದ್ಗಡೆ ಒಂಚೂರು ಬಿದ್ದಿದ್ರೂ ಬಿದ್ದಿರಬಹುದು.”

ಕಟ್ಟೆಯೆಲ್ಲ ನಕ್ಕಿತು. ಮಂತ್ರವಾದಿ ಸೋತ, ಅಪ್ಪಯ್ಯಣ್ಣ ಗೆದ್ದ. ಗೆದ್ದ ಸಂತೋಷಕ್ಕೆ ಇನ್ನೊಂದು ಬೀಡಿಯನ್ನೂ ಹಚ್ಚಿದ. ಮನೆಗೆ ಬಂದು, ತಾನೇ ತೊಳಸಿದ ಗಂಟುಗಂಟಾದ ಮುದ್ದೆಯನ್ನು ನುಂಗುವಾಗ ಮಾತ್ರ, ತಾನು ಗೆದ್ದುದರಿಂದ ತನಗೆ ಬಂದ ಲಾಭವೇನೆಂಬುದು ಅವನಿಗೆ ಅಷ್ಟು ಸ್ಪಷ್ಟವಾಗಲಿಲ್ಲ. ಆ ವರ್ಷದ ಯುಗಾದಿಗೆ ಆವತಿಯಿಂದ ಒಬ್ಬಟ್ಟು ಬಂದಿತು. ಕಳುಹಿಸಿದವಳು ಬರಲಿಲ್ಲ.

ಏಪ್ರಿಲ್ ೧೧, ಶನಿವಾರ, ಗಂಗಣ್ಣ ಅವನನ್ನು ಹೊಸಕೋಟೆಗೆ ಎಳೆದುಕೊಂಡು ಹೋದ. ಅಲ್ಲೊಬ್ಬ ಪಂಡಿತರು ಹೊಸದಾಗಿ ಅಂಗಡಿ ತೆರೆದಿದ್ದರು. ‘ಧೂಮಾಂತಕ ಔಷಧಾಲಯ’ ಎಂಬ ಹಲಗೆ ಬಾಗಿಲಿಗಿಂತ ದೊಡ್ಡದಾಗಿತ್ತು. ಪಂಡಿತರು ಶಾಲನ್ನು ಸರಿಪಡಿಸಿಕೊಂಡು, ಅಪ್ಪಯ್ಯಣ್ಣನ ನಾಡಿಯನ್ನು ಕಣ್ಣುಮುಚ್ಚಿ ನೋಡಿ, ಕಾಗದದ ಪೊಟ್ಟಣವೊಂದನ್ನು ಮುಂದಿಟ್ಟರು. ಬಿಚ್ಚಿ ನೋಡಿದರೆ ಒಳಗೆ ಎಲೆಯಲ್ಲಿ ಸುತ್ತಿ ನೂಲು ಕಟ್ಟಿದ ಸಣ್ಣ ಸಣ್ಣ ಕೊಳವೆಗಳು.

“ಸ್ವಾಮಿ, ಬೀಡಿ ಬಿಡಬೇಕು ಅಂತ ಬಂದೋನಿಗೆ ಬೀಡಿನೇ ಕೊಡ್ತೀರಲ್ಲ?”

“ಇದು ಬೀಡಿಯಲ್ಲವಯ್ಯ, ಮೂಲಿಕೆಯ ಧೂಮವರ್ತಿ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು. ದಿನಕ್ಕೆ ಮೂರು ಹೊತ್ತು, ಆಹಾರಾನಂತರ, ಸಾವಕಾಶವಾಗಿ ಸೇದಿ ಹೊಗೆ ಬಿಡಬೇಕು.”

“ಹೊಗೆ ಬಿಡೋದು ನನಗೆ ಮೊದಲಿಂದ್ಲೂ ಬರ್ತದೆ ಸ್ವಾಮಿ. ಬಿಟ್ಟುಬಿಡೋದು ಹೆಂಗೆ ಅಂತ ಕೇಳೋಕೆ ಬಂದೆ.”

ಹೀಗೆಂದು ಅಪ್ಪಯ್ಯಣ್ಣ, ಎತ್ತಿನ ಬಾಯಿಯನ್ನು ಬಿಡಿಸುವಷ್ಟೇ ಶಾಂತವಾಗಿ, ಒಂದು ಕೊಳವೆಯನ್ನು ಉಗುರಿನಿಂದ ಸೀಳಿದ. ಅಂಗೈಯಲ್ಲಿ ಹರಡಿ ನೋಡಿದರೆ ಒಣಗಿದ ತುಳಸಿ, ಒಂದಿಷ್ಟು ಓಮ, ಉಳಿದುದೆಲ್ಲ ಕಂದುಬಣ್ಣದ ಪುಡಿ. ಪುಡಿಯನ್ನು ತಿಕ್ಕಿ, ಮೂಸಿ, ನಾಲಗೆಯ ತುದಿಗೆ ಮುಟ್ಟಿಸಿಕೊಂಡ.

“ಇದು ಹೊಗೆಸೊಪ್ಪು.”

“ಹೌದು,” ಎಂದರು ಪಂಡಿತರು ಅಳುಕದೆ. “ಆದರೆ ಶುದ್ಧಿ ಮಾಡಿದ ಹೊಗೆಸೊಪ್ಪು.”

“ಹಂಗಾದ್ರೆ ಈ ಶುದ್ಧಿ ಮಾಡಿದ ಹೊಗೆಸೊಪ್ಪು ಬಿಡೋಕೆ ಆಮೇಲೆ ಯಾರತ್ರ ಹೋಗ್ಬೇಕು?”

“ಬೇರೆ ಎಲ್ಲಿಗೂ ಹೋಗಬೇಕಾಗಿಲ್ಲ. ಅದಕ್ಕೂ ನಮ್ಮಲ್ಲಿಯೇ ಒಂದು ಲೇಹ್ಯವಿದೆ.”

ಅಪ್ಪಯ್ಯಣ್ಣ ಹೆಗಲ ವಲ್ಲಿಯನ್ನು ಕೊಡವಿ ಎದ್ದು ಬಂದ. ಊರಿನ ದಾರಿಯುದ್ದಕ್ಕೂ ಪಂಡಿತರ ಮೋಸವನ್ನು ವಿವರಿಸಿದ. ವಿವರಣೆಯ ನಡುನಡುವೆ ಬೀಡಿ ಸೇದಿದ. ಗಂಗಣ್ಣನ ಕಿವಿಗೆ ಅರ್ಧ ಮಾತೂ ಬೀಳಲಿಲ್ಲ. ಪೊಟ್ಟಣವನ್ನು ಅವನು ಆಗಲೇ ಕೊಂಡುಬಿಟ್ಟಿದ್ದ. ಗೆಳೆಯನಿಗೆ ಬೇಡವಾದ ಔಷಧವನ್ನು ತಿಪ್ಪೆಗೆ ಎಸೆಯುವುದು ಅವನ ಮಟ್ಟಿಗೆ ಪಾಪ. ಎಂತಹ ಔಷಧವಾದರೂ ದೇಹಕ್ಕೆ ಒಳ್ಳೆಯದನ್ನೇ ಮಾಡೀತೆಂದು, ಅಂದಿನಿಂದ ಮೂರು ಹೊತ್ತು, ಆಹಾರಾನಂತರ, ಸಾವಕಾಶವಾಗಿ ತಾನೇ ಸೇದಲು ತೊಡಗಿದ.

ಏಪ್ರಿಲ್ ೨೦, ಸೋಮವಾರ, ಅಪ್ಪಯ್ಯಣ್ಣ ಎತ್ತುಗಳನ್ನು ಗಂಗಣ್ಣನಿಗೆ ಒಪ್ಪಿಸಿ ಆವತಿಗೆ ಹೊರಟ. ಯುದ್ಧಕಾಲವಾದುದರಿಂದ ಬಸ್ಸುಗಳು ಇದ್ದಿಲಿನ ಗ್ಯಾಸಿನಿಂದ ಓಡುತ್ತಿದ್ದವು. ದಾರಿಯಲ್ಲಿ ಆ ಬಸ್ಸು ಅವನಿಗಿಂತ ಹೆಚ್ಚು ಹೊಗೆ ಬಿಟ್ಟಿತು; ಅವನಷ್ಟೇ ಕೆಮ್ಮಿತು. ಮುನಿತಾಯಮ್ಮ ಜಗಲಿಯಲ್ಲಿ ಕುಳಿತು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು. ಪಕ್ಕದಲ್ಲಿ ಅವಳ ತಾಯಿ ಅಕ್ಕಯಮ್ಮ, ಅಂದರೆ ಅಪ್ಪಯ್ಯಣ್ಣನ ಅತ್ತೆ. ಅವನು ಕಾಲು ತೊಳೆದುಕೊಂಡು ಕುಳಿತವನೇ ವರದಿಯನ್ನು ಒಪ್ಪಿಸಿದ.

“ಅಂತ್ರ ಸುಳ್ಳು, ಔಷಧಿ ಸುಳ್ಳು. ಎಲ್ಲಾನೂ ನಾನೇ ಪರೀಕ್ಷೆ ಮಾಡ್ದೆ.”

“ಒಳ್ಳೇದಾಯ್ತು. ಬೀಡಿ?”

“ಅದೇ ಹೇಳ್ತಾ ಇರೋದು ಮುನಿತಾಯಿ, ಬಿಡಿಸೋ ಔಷಧಿ ಯಾವುದೂ ನಿಜ ಅಲ್ಲ.”

“ಔಷಧಿ ನಿಜವಾ ಸುಳ್ಳಾ ಅಂತ ನಾನು ಕೇಳಿದ್ನಾ ಬಾವ?” ಎಂದು ಅವಳು ಬೀಜವೊಂದನ್ನು ಪಕ್ಕಕ್ಕೆ ಎಸೆದಳು. “ಅವರೆಲ್ಲ ಕಳ್ಳರು ಅಂತ ನೀನು ತೋರಿಸ್ಕೊಟ್ರೆ ನಮ್ಮ ಮೆದೆ ಎದ್ದು ನಿಂತ್ಕೊಳ್ತದಾ?”

ಅಪ್ಪಯ್ಯಣ್ಣ ಉತ್ತರಕ್ಕಾಗಿ ಅತ್ತೆಯ ಕಡೆಗೆ ತಿರುಗಿದ. “ನೀವಾದ್ರೂ ಹೇಳಿ ಅತ್ತೆ. ಸೇದಬೇಕು ಅನ್ನಿಸ್ದಾಗ ಕೈಕಾಲೇ ಆಡಲ್ಲ. ಸೇದದೆ ಇರೋಕಾಗಲ್ಲ.”

“ಸೇದದೆ ಇರೋಕಾಗಲ್ವಾ?” ಎಂದಳು ಅಕ್ಕಯಮ್ಮ. “ಅದಕ್ಯಾಕಪ್ಪ ಅಷ್ಟು ಸಂಕಟ? ಹಿತ್ತಲಲ್ಲಿ ಬಾವಿ ಐತೆ, ರಾಟೆ ಐತೆ, ಹಗ್ಗ ಐತೆ. ಹೋಗು, ಹೊಟ್ಟೆ ತುಂಬ ಸೇದು! ಯಾರು ಬೇಡ ಅಂತಾರೆ?”

ಬೀಡಿಯನ್ನು ಎಳೆಯುವುದಕ್ಕೂ ಬಾವಿಯಿಂದ ನೀರನ್ನು ಎತ್ತುವುದಕ್ಕೂ ನಮ್ಮ ಸೀಮೆಯಲ್ಲಿ ‘ಸೇದು’ ಎಂಬುದೊಂದೇ ಮಾತು. ಜಗಲಿಯಲ್ಲಿದ್ದವರೆಲ್ಲ ಬಿದ್ದುಬಿದ್ದು ನಕ್ಕರು. ಹುಣಸೆಹಣ್ಣನ್ನು ಬಿಟ್ಟು ಮುನಿತಾಯಮ್ಮನೂ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಪ್ಪಯ್ಯಣ್ಣನಿಗೆ ನಗು ಬರಲಿಲ್ಲ. ಹಾಸ್ಯವಾಗಲಿ ಶಾಸ್ತ್ರವಾಗಲಿ, ತನ್ನ ಮುಂದೆ ಹೇಳಿದ ಮಾತನ್ನು ಪರೀಕ್ಷಿಸದೆ ಬಿಡುವುದು ಅವನ ಜಾಯಮಾನವಾಗಿರಲಿಲ್ಲ. ಅದೂ ಸುಳ್ಳೆಂದು ತೋರಿಸಿಯೇ ಬಿಡುವೆನೆಂದು ಎದ್ದು ಹಿತ್ತಲಿಗೆ ನಡೆದ.

ಬೇಸಗೆಯಾದುದರಿಂದ ನೀರು ಪಾತಾಳಕ್ಕಿಳಿದಿತ್ತು. ನಾಲ್ಕಾರು ಬಿಂದಿಗೆ ಸೇದಿ, ಏದುಸಿರು ಬಿಡುತ್ತ ಅವನು ಜಗಲಿಗೆ ಹಿಂದಿರುಗಿದ.

“ನೋಡಿ, ಈಗಲೂ ಬೇಕು ಅನ್ನಿಸ್ತಾನೇ ಐತೆ.”

“ಹಂಗಾದ್ರೆ ಸಾಲದು, ಇನ್ನೂ ಸೇದು,” ಎಂದಳು ಅತ್ತೆ.

ಪರೀಕ್ಷೆ ಈ ರೀತಿ ಒಂದೇ ದಿನಕ್ಕೆ ಮುಗಿಯದೆ ಹೋಯಿತು. ಮಾವನ ಮನೆಯಲ್ಲಿ ಅಳಿಯ ಹಬ್ಬದ ಮೂರು ದಿನಕ್ಕಿಂತ ಹೆಚ್ಚು ಕುಳಿತರೆ ಊರು ‘ಮನೆಅಳಿಯ’ನೆಂದು ಆಡಿಕೊಳ್ಳುತ್ತದೆ. ಅಪ್ಪಯ್ಯಣ್ಣ ಅದನ್ನೂ ಸಹಿಸಿಕೊಂಡ. ಹಿಂದಿರುಗಿದರೆ ಅಲ್ಲಿ ಇದ್ದದ್ದು ತಣ್ಣನೆಯ ಒಲೆ. ಬಾಯಿ ಒಣಗಿ ಕೈ ಸೊಂಟದ ಕಡೆಗೆ ಹರಿದಾಗಲೆಲ್ಲ ಅವನು ಬಾವಿಗೆ ಹೋಗುತ್ತಿದ್ದ. ಮೊದಲ ವಾರದಲ್ಲಿ ಹಗ್ಗ ಉಜ್ಜಿ ಅಂಗೈ ಬೊಬ್ಬೆಯೆದ್ದು, ಬೆಂಕಿಕಡ್ಡಿಯನ್ನು ಗೀರಲೂ ಆಗದಂತಾಯಿತು. ಕೈ ಗಟ್ಟಿಯಾದ ಮೇಲೆ ಎರಡು ಬಾರಿ ಊರ ಬೆಟ್ಟದ ತಪ್ಪಲಿಗೆ ಹೋಗಿ ಕದ್ದು ಸೇದಿ ಬಂದದ್ದೂ ಉಂಟು. ಮುನಿತಾಯಮ್ಮ ವಾಸನೆ ಹಿಡಿದು ಎರಡು ಬಾರಿಯೂ ಅವನ ತಟ್ಟೆಯನ್ನು ತನ್ನ ತಟ್ಟೆಯಿಂದ ದೂರಕ್ಕೆ ಸರಿಸಿದಳು. ಮೇ ೯ರ ಶನಿವಾರದ ನಂತರ ಅದೂ ನಿಂತಿತು.

ಇದರಿಂದ ಹೆಚ್ಚಿನ ಪ್ರಯೋಜನವನ್ನು ಪಡೆದವನು ವೆಂಕಟರಾಯಪ್ಪ. ಬಾವಿಯ ಪಕ್ಕದಲ್ಲಿ ನಾಲ್ಕು ಪಾತಿ ಮಾಡಿ, ನಡುಬೇಸಗೆಯಲ್ಲಿ ಬದನೆ ನೆಟ್ಟ.

“ಬಾವ, ಬದನೆ ಬಾಡ್ತಾ ಐತೆ. ಸೇದಬೇಕು ಅನ್ನಿಸ್ತಿಲ್ವಾ?” ಎಂದು ಬೆಳಿಗ್ಗೆ ಸಂಜೆ ಬಂದು ಕೇಳುತ್ತಿದ್ದ.

“ಈಗ ಅನ್ನಿಸ್ತಿಲ್ಲ ಕಣೋ.”

“ಒಂಚೂರು ಯೋಚ್ನೆ ಮಾಡಿ ನೋಡು. ಅನ್ನಿಸ್ತದೆ.”

ಮೇ ೨೩, ಶನಿವಾರ, ಗಂಗಣ್ಣ ಗೆಳೆಯನನ್ನು ಹುಡುಕಿಕೊಂಡು ಆವತಿಗೆ ಬಂದ. ಬಂದವನು ಮೊದಲಿನ ಗಂಗಣ್ಣನಲ್ಲ. ಪಂಡಿತರ ಪೊಟ್ಟಣ ಮುಗಿದು, ಎರಡನೆಯ ಪೊಟ್ಟಣವೂ ಮುಗಿದು, ಮೂರನೆಯದು ಸಿಗುವವರೆಗೆ ಹೊತ್ತು ಕಳೆಯಲೆಂದು ಬೀಡಿಯನ್ನು ಹಿಡಿದಿದ್ದ. ಈಗ ಕೆಮ್ಮದೆ ಒಂದು ಮಾತನ್ನೂ ಮುಗಿಸಲಾರ. ಊರ ಬಾಗಿಲಲ್ಲಿ ಒಬ್ಬ ಮುದುಕಿಯನ್ನು, “ಜಡಿಗೇನಹಳ್ಳಿ ಅಪ್ಪಯ್ಯಣ್ಣ ಇಲ್ಲೇ ಅವ್ನಾ ಅವ್ವ?” ಎಂದು ಕೇಳಿದ.

“ಅಕ್ಕಯಮ್ಮನ ಅಳಿಯನಾ? ಅವ್ನೆ. ಹಿತ್ತಲಲ್ಲಿ ಬೆಳಗಿಂದ ಸೇದ್ತಾನೇ ಅವ್ನೆ, ಪಾಪ.”

ಬೆಳಗಿನಿಂದ ಎಡೆಬಿಡದೆ ಸೇದುವಷ್ಟು ಬೀಡಿ ಯುದ್ಧಕಾಲದಲ್ಲಿ ಎಲ್ಲಿ ಸಿಕ್ಕಿತೆಂದು ಗಂಗಣ್ಣನಿಗೆ ಒಳಗೊಳಗೇ ಆಸೆಯಾಯಿತು. ಓಡುನಡಿಗೆಯಲ್ಲಿ ಹಿತ್ತಲನ್ನು ಹೊಕ್ಕರೆ, ಅಲ್ಲಿ ಅಪ್ಪಯ್ಯಣ್ಣ ಪಂಚೆಯನ್ನು ಎತ್ತಿಕಟ್ಟಿ ಬಿಂದಿಗೆಯನ್ನು ಮೇಲಕ್ಕೆ ಎಳೆಯುತ್ತಿದ್ದ. ಮೈ ತೆಳ್ಳಗಾಗಿ ಮುಖದಲ್ಲಿ ಕಳೆ ಬಂದಿತ್ತು, ಕೆಮ್ಮು ಕಡಮೆಯಾಗಿತ್ತು.

“ಬೀಡಿ ಎಲ್ಲೋ?”

“ಬಿಟ್ಟೆ.”

“ಯಾವ ಔಷಧಿ?”

“ಯಾವುದೂ ಇಲ್ಲ. ಬೇಕು ಅನ್ನಿಸ್ದಾಗ ಈ ನೀರು ಸೇದ್ತೀನಿ, ಅಷ್ಟೇ.”

ಗಂಗಣ್ಣ ಬಾವಿಯೊಳಕ್ಕೆ ಇಣುಕಿದ. ಬಗ್ಗಿ ಬಾನಿಯಿಂದ ಒಂದು ಬೊಗಸೆ ನೀರನ್ನು ಎತ್ತಿ, ಕಣ್ಣಿಗೊತ್ತಿಕೊಂಡು ಕುಡಿದ. ಅಪ್ಪಯ್ಯಣ್ಣ ಎಷ್ಟು ಹೇಳಿದರೂ ಕೇಳದೆ, ಒಂದು ತಂಬಿಗೆಯ ತುಂಬ ನೀರನ್ನು ಊರಿಗೆ ಹೊತ್ತುಕೊಂಡು ಹೋದ. ಆ ರಾತ್ರಿ ಅವನು ಬೀಡಿ ಸೇದಲಿಲ್ಲ. ಮನೆಯಲ್ಲಿ ಬೆಂಕಿಪೊಟ್ಟಣ ಮುಗಿದಿತ್ತು, ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಬೆಳಿಗ್ಗೆ ಅರಳಿಕಟ್ಟೆಯಲ್ಲಿ ಅವನು ತಂಬಿಗೆಯ ಕಥೆಯನ್ನು ಹೇಳಿದ, ಬೆಂಕಿಪೊಟ್ಟಣದ ಕಥೆಯನ್ನು ಹೇಳಲಿಲ್ಲ.

ಏನನ್ನೂ ನಂಬದ ಅಪ್ಪಯ್ಯಣ್ಣನಿಗೇ ಆ ನೀರು ನಾಟಿತೆಂಬುದು ಸುದ್ದಿಗೆ ಸಾವಿರ ಕಾಲು ಕೊಟ್ಟಿತು. ಮೇ ೩೧, ಭಾನುವಾರ, ಹೊಸಕೋಟೆ ದೇವನಹಳ್ಳಿಗಳ ಕಡೆಯಿಂದ ಜನ ಕೊಡ, ತಂಬಿಗೆಗಳನ್ನು ಹಿಡಿದು ಅಕ್ಕಯಮ್ಮನ ಹಿತ್ತಲಲ್ಲಿ ನೆರೆದರು. ವೆಂಕಟರಾಯಪ್ಪ ಮುಂಜಾನೆಯೇ ಬಾವಿಕಟ್ಟೆಗೆ ಅರಿಸಿನ ಕುಂಕುಮ ಹಚ್ಚಿ ಕಾಣಿಕೆಯ ತಟ್ಟೆಯೊಂದನ್ನು ಇಟ್ಟಿದ್ದ. ಅಪ್ಪಯ್ಯಣ್ಣ ತಟ್ಟೆಯನ್ನು ಎತ್ತಿ ಬದನೆಯ ಪಾತಿಗೆ ಎಸೆದು, ಕಟ್ಟೆಯ ಮೇಲೆ ಹತ್ತಿ ನಿಂತ.

“ಈ ನೀರಲ್ಲಿ ಏನೂ ಇಲ್ಲ! ನಿಮ್ಮೂರ ಬಾವಿ ನೀರು ಹೆಂಗೋ ಇದೂ ಹಂಗೇ. ನಾನು ಕುಡಿದು ಬಿಡ್ಲಿಲ್ಲ, ಸೇದಿ ಸೇದಿ ಕೈ ಕಿತ್ಕೊಂಡು ಬಿಟ್ಟೆ. ಮನೆಗೆ ಹೋಗ್ರಪ್ಪಾ!”

“ದೊಡ್ಡೋರು ಹಂಗೇ ಹೇಳೋದು, ಮಹಿಮೆ ಒಪ್ಕೊಳ್ಳಲ್ಲ,” ಎಂದು ಯಾರೋ ಭಕ್ತಿಯಿಂದ ಕೈಮುಗಿದರು.

ಆಗ ಗಂಗಣ್ಣ ಮುಂದಕ್ಕೆ ಬಂದ. ಅವನ ದನಿಯಲ್ಲಿ ಕುಚೋದ್ಯವಿರಲಿಲ್ಲ, ಕೆಮ್ಮು ಮಾತ್ರ ಇತ್ತು. “ಲೇ ಅಪ್ಪಯ್ಯ, ಅಂತ್ರಾನ ಎಲ್ಲರ ಮುಂದೆ ಪರೀಕ್ಷೆ ಮಾಡ್ದೋನು ನೀನು. ಇದನ್ನೂ ಮಾಡು. ಈ ನೀರು ಒಂದು ಬೊಗಸೆ ಕುಡಿ, ಈ ಬೀಡಿ ಸೇದು. ಸೇದಿಬಿಟ್ರೆ ನೀರಲ್ಲಿ ಏನೂ ಇಲ್ಲ, ನಾವೆಲ್ಲ ಎದ್ದು ಹೋಗ್ತೀವಿ. ಸೇದಕ್ಕಾಗ್ಲಿಲ್ವಾ, ನೀರಲ್ಲಿ ಐತೆ ಅಂತ ಅರ್ಥ.”

ಮಾತು ನ್ಯಾಯವಾಗಿತ್ತು. ಅಪ್ಪಯ್ಯಣ್ಣ ತನ್ನ ಜೀವಮಾನದಲ್ಲಿ ಮಾಡಿದ ಪರೀಕ್ಷೆಗಳಲ್ಲಿ ಯಾವುದೂ ಇದಕ್ಕಿಂತ ಸರಿಯಾಗಿರಲಿಲ್ಲ. ಅವನು ನೀರನ್ನು ಕುಡಿದ. ಗಂಗಣ್ಣ ಬೀಡಿಯನ್ನು ಅವನ ಬೆರಳುಗಳ ನಡುವೆ ಇಟ್ಟು, ಕಡ್ಡಿ ಗೀರಿ, ಗಾಳಿಗೆ ಕೈ ಅಡ್ಡ ಹಿಡಿದ. ಎರಡೇ ಎರಡು ದಮ್ಮು. ಒಂದು ಸುಳ್ಳು ಅಲ್ಲಿಯೇ ಸತ್ತುಹೋಗುತ್ತಿತ್ತು. ಅವನ ಮಾತು ಸಾವಿರ ಜನರ ಬಾಯಲ್ಲಿ ನಿಲ್ಲುತ್ತಿತ್ತು. ಅದಲ್ಲದೆ, ಬೀಡಿಯ ವಾಸನೆಯ ಮಾತನ್ನೂ ಹೇಳಬೇಕು. ಅದು ಮೂಗಿಗೆ ಬಂದು ಬಹಳ ದಿನವಾಗಿತ್ತು.

ಜನರ ಹಿಂದೆ, ಹಿತ್ತಲ ಬಾಗಿಲಲ್ಲಿ ಮುನಿತಾಯಮ್ಮ ನಿಂತಿದ್ದಳು. ಅವಳು ಬೇಡವೆಂದು ತಲೆಯಾಡಿಸಲಿಲ್ಲ, ಕಣ್ಣಿನಲ್ಲೂ ಏನನ್ನೂ ಹೇಳಲಿಲ್ಲ. ಅಂಗಳದಲ್ಲಿ ನಡೆಯುವ ವ್ಯಾಪಾರವನ್ನು ನೋಡುವವಳಂತೆ ಸುಮ್ಮನೆ ನೋಡುತ್ತಿದ್ದಳು.

ಕಡ್ಡಿ ಉರಿದು ಗಂಗಣ್ಣನ ಬೆರಳನ್ನು ಮುಟ್ಟಿತು. ಅಪ್ಪಯ್ಯಣ್ಣ ಬೀಡಿಯನ್ನು ಅವನ ಕೈಗೇ ಹಿಂದಕ್ಕೆ ಕೊಟ್ಟ.

“ಆಗಲ್ಲ ಕಣೋ ಗಂಗ.”

“ಹಂಗಾದ್ರೆ ನೀರಲ್ಲಿ ಐತೆ ಅನ್ನು!”

ನಲವತ್ತೈದು ವರ್ಷ ಬಾಯಿಗೆ ಬಾರದ ಮಾತೊಂದು ಆಗ ಅಪ್ಪಯ್ಯಣ್ಣನಿಂದ ಹೊರಬಿತ್ತು.

“ಇದ್ರೂ ಇರಬಹುದು.”

ಹಿತ್ತಲೆಲ್ಲ ‘ಗೋವಿಂದಾ ಗೋವಿಂದ’ ಎಂದು ಮೊಳಗಿತು. ವೆಂಕಟರಾಯಪ್ಪ ಪಾತಿಗೆ ಇಳಿದು ತಟ್ಟೆಯನ್ನು ಹುಡುಕಿ ತಂದ. ನೂಕುನುಗ್ಗಲಿನಿಂದ ಪಾರಾಗಿ ಅಪ್ಪಯ್ಯಣ್ಣ ಬಾಗಿಲ ಬಳಿಗೆ ಬಂದಾಗ ಮುನಿತಾಯಮ್ಮ ತಗ್ಗಿದ ದನಿಯಲ್ಲಿ ಕೇಳಿದಳು:

“ನೀರಲ್ಲಿ ಏನೈತೆ ಬಾವ?”

“ಏನೂ ಇಲ್ಲ.”

“ನನಗೆ ಗೊತ್ತು. ಬಟ್ಟೆ ಗಂಟು ಕಟ್ಟು, ನಾಳೆ ಬೆಳಿಗ್ಗೆ ಹೊರಡೋಣ. ಮಳೆ ಬಿದ್ರೆ ಉಳೋಕೆ ಯಾರವ್ರೆ ಅಲ್ಲಿ?”

೧೯೪೨ನೆಯ ಜೂನ್ ೧, ಸೋಮವಾರ, ಇಬ್ಬರೂ ಜಡಿಗೇನಹಳ್ಳಿಗೆ ಹಿಂದಿರುಗಿದರು. ಆ ವರ್ಷ ರಾಗಿ ಮಧ್ಯಮವಾಗಿ ಬಂದಿತು. ಅಪ್ಪಯ್ಯಣ್ಣ ೧೯೪೩ರ ದೀಪಾವಳಿಯಲ್ಲಿ ಒಂದು ಬೀಡಿ ಸೇದಿದನು. ಆಮೇಲೆ ಸೇದಿದ ಸಂಗತಿ ತಿಳಿಯದು. ಆವತಿಯ ಬಾವಿಗೆ ಜನ ಎರಡು ವರ್ಷ ಬಂದರು. ೧೯೪೪ರ ಏಪ್ರಿಲ್‌ನಲ್ಲಿ ನೀರು ಬತ್ತಿತು, ಜನ ಬರುವುದೂ ನಿಂತಿತು. ಹೊಸಕೋಟೆಯ ಪಂಡಿತರು ಅದೇ ವರ್ಷ ಅಂಗಡಿಯನ್ನು ಮುಚ್ಚಿ ಬೇರೆ ಊರಿಗೆ ಹೋದರು. ಗಂಗಣ್ಣ ಬೀಡಿಯನ್ನು ಬಿಡಲಿಲ್ಲ. ೧೯೪೯ರ ಜನವರಿ ೮, ಶನಿವಾರ, ಉಬ್ಬಸದಿಂದ ತೀರಿಕೊಂಡನು. ಅವನ ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ಅಪ್ಪಯ್ಯಣ್ಣನೂ ಒಬ್ಬನು.